ಸರಿದ ಸೋರೆಬುರುಡೆ

“ಮನೀಷಾ, ಮುಳುಗಿದ ಗುಡಿ ತೋರಸ್ತೀನಂತ ನಿಮ್ಮಪ್ಪ ಜೀಪಿನವ್ರಿಗಿ ಮಾತು ಕೊಟ್ಟಾನ!”

ಪಕ್ಕದ ಮನೆಯ ಶಿವಾಜಿ ಇಷ್ಟು ಹೇಳಿ ಕಣ್ಣು ಮಿಟುಕಿಸಿದ. ರೊಟ್ಟಿ ಮುರಿಯುತ್ತಿದ್ದ ಮನೀಷಾಳ ಕೈ ಅಲ್ಲೇ ನಿಂತಿತು.

“ಸುಳ್ಳು ಬೊಗಳಬ್ಯಾಡ ಅಣ್ಣಾ.”

“ನೀನೇ ಕೇಳು. ಅಮ್ಮನ ಮೂರ್ತಿಗಿ ಪಟ್ನದಾಗ ಭಾರಿ ಗಿರಾಕಿ ಅದಾರಂತ.”

ಪ್ರತ್ಯೇಕ ತೆಲಂಗಾಣದ ಮುಷ್ಕರಕ್ಕೆ ಬಸ್ಸು ನಿಂತು, ಜಹೀರಾಬಾದಿನ ಕಾಲೇಜು ಮುಚ್ಚಿ, ಅವಳು ನಾರಾಯಣಖೇಡದ ಕಡೆಯ ತನ್ನೂರಿಗೆ ಬಂದು ಕೂತಿದ್ದಳು. ತಹಸೀಲ್ ಕಚೇರಿಗೂ ಬೀಗ. ಜೀಪಿನಲ್ಲಿ ತಿರುಗುವ ಮೂರ್ತಿಗಳ್ಳರಿಗೆ ಇದಕ್ಕಿಂತ ಹಬ್ಬ ಬೇಕೆ?

ಮಂಜೀರಾ ಹಿನ್ನೀರಿನ ದಡಕ್ಕೆ ಓಡಿದಳು. ಅಣೆಕಟ್ಟು ಕಟ್ಟಿದಾಗ ಹಳೇ ಊರಿನ ಜೊತೆ ಅಮ್ಮನ ಗುಡಿಯೂ ಮುಳುಗಿತ್ತು. ಅದರ ನೆತ್ತಿಯ ಮೇಲೆ ಮೀನುಗಾರರು ಒಂದು ಒಣ ಸೋರೆಬುರುಡೆ ಕಟ್ಟಿ ತೇಲಿಬಿಟ್ಟಿದ್ದರು. ಬುರುಡೆ ಕಂಡಲ್ಲಿ ಯಾರೂ ಬಲೆ ಬೀಸುವುದಿಲ್ಲ. ಕೈಮುಗಿದು ತೆಪ್ಪ ತಿರುಗಿಸುತ್ತಾರೆ.

ಇವತ್ತು ಬುರುಡೆ ಅಲ್ಲಿರಲಿಲ್ಲ. ಎಡಕ್ಕೆ ದೂರದಲ್ಲಿ, ಏನೂ ಅರಿಯದ ಕೂಸಿನ ಹಾಗೆ ತೇಲುತ್ತಿತ್ತು.

ಅಪ್ಪ ಅಂಜಪ್ಪ ದಡದಲ್ಲಿ ಬಲೆ ಹೊಲಿಯುತ್ತಿದ್ದ.

“ಅಪ್ಪಾ, ಬುರುಡಿ ಯಾಕ ಸರದದ?”

“ಗಾಳಿಗಿ.” ಅವನು ತಲೆ ಎತ್ತಲಿಲ್ಲ.

“ಗಾಳಿ ಹೊಸ ಹಗ್ಗ ಕಟ್ತದೇನು?”

“ಮೆತ್ತಗ ಮಾತಾಡವಾ. ನಾನೇ ಸರಿಸೀನಿ. ಅದರ ಕೆಳಗ ಈಗ ಗುಡಿ ಇಲ್ಲ, ಹಳೇ ಜಾಲಿಗಿಡ ಅವ. ನಾಳಿ ಜೀಪಿನವ್ರಿಗಿ ಇದನ್ನೇ ತೋರಸ್ತೀನಿ, ಮುಣಗ್ಲಿ, ಮುಳ್ಳು ಕಿತ್ಕೋತ ಕೂಡ್ಲಿ.”

ನಂಬುವುದೋ ಬಿಡುವುದೋ? ಅಪ್ಪನ ಮುಖವನ್ನೇ ನೋಡಿದಳು. “ಹಂಗಾದ್ರ ಊರಾಗ ಯಾಕ ಹೇಳಿಲ್ಲ?”

“ಗುಡಿ ಸುದ್ದಿ ಅವ್ರಿಗಿ ಮುಟ್ಟಿಸಿದಾಂವ ಊರಾಂವನೇ. ಯಾರಂತ ತಿಳೀದ ಯಾರಿಗಿ ಹೇಳ್ಲಿ?”

“ನೀ ಬಾಯಿ ಮುಚ್ಕೊಂಡು ಕುಂತ್ರ ಕಳ್ಳ ನೀನೇ ಆಗ್ತಿ. ಅವ್ರೇನು ಮುಳ್ಳಿಗಿ ಅಂಜಿ ಹೋಗ್ತಾರ? ಬಾಜೂಕ ಹುಡುಕ್ತಾರ. ಇತ್ತ ಮೀನು ಹಿಡಿಯೋ ರೇವಪ್ಪ ಕಾಕಾ ಗೊತ್ತಿಲ್ದ ಗುಡಿ ಮ್ಯಾಲೇ ಬಲಿ ಬೀಸ್ತಾನ!”

ಅಂಜಪ್ಪ ಬಲೆಗೆ ಇನ್ನೊಂದು ಗಂಟು ಬಿಗಿದ.

“ಖರೇ ಅದ. ದಂಡಿ ತುಂಬ ಮಂದಿ ನಿಂತ್ರ ಜೀಪಿನವ್ರು ನೀರಿಗಿ ಇಳ್ಯಾಂಗಿಲ್ಲ. ಅವ್ರು ಬರೂದು ಬಿಸಿಲೇರಿದ ಮ್ಯಾಲ. ಮುಂಜಾನೇನೇ ಎಲ್ಲಾರೂ ಸೇರೋಣು. ಹೆಣ್ಮಕ್ಳಿಗೂ ಕರಿ.”

“ಶಿವಾಜಣ್ಣಗ? ನೀ ಮಾತು ಕೊಟ್ಟದ್ದು ಅಂವನೇ ನನಗ ಹೇಳಿದಾಂವ.”

ಬಲೆ ಹೊಲಿಯುತ್ತಿದ್ದ ಕೈ ನಿಂತಿತು.

“ನಾ ಮಾತು ಕೊಟ್ಟಾಗ ಜೀಪಿನವ್ರು ಬಿಟ್ರ ಅಲ್ಲಿ ನರಪಿಳ್ಳೆ ಇರ್ಲಿಲ್ಲ. ಅವಗ ಯಾರು ಹೇಳಿದ್ರು?”

ಮನೀಷಾಳಿಗೆ ಆ ಮಿಟುಕಿಸಿದ ಕಣ್ಣು ನೆನಪಾಯಿತು.

“ಅವಗೇ ಮೊದ್ಲ ಹೇಳು,” ಎಂದ ಅಪ್ಪ. “ಊರೆಲ್ಲಾ ಎದ್ದದಂತ ಈ ಸುದ್ದೀನೂ ಅಂವ ಜೀಪಿನವ್ರಿಗಿ ಮುಟ್ಟಿಸ್ಲಿ. ನಾಳಿ ಹೊತ್ತು ಹುಟ್ಟೂದ್ರಾಗ, ದಂಡಿ ಮ್ಯಾಲಿನ ಹುಣಸಿಗಿಡದ ಬುಡಕ.”