ಕೈಗಂಟಿದ ಸೋಪು

ಸೋಪಿನ ಕಾರ್ಖಾನೆಯಲ್ಲಿ ದುಡಿಯುವವಳ ಮಗುವಿಗೆ ತಿಂಗಳಲ್ಲಿ ಮೂರು ಸಲ ಭೇದಿ ಎಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ. ಎಂಟು ವರ್ಷದಿಂದ ಉದ್ದನೆಯ ಸೋಪಿನ ಪಟ್ಟಿಗಳನ್ನು ತಂತಿಯಿಂದ ತುಂಡು ಮಾಡುವವಳು ನಾನು. ಮಧ್ಯಾಹ್ನದ ಹೊತ್ತಿಗೆಲ್ಲ ಉಗುರಿನ ಸಂದಿಯಲ್ಲೂ ಸೋಪು. ಇಂಥ ಕೈಯನ್ನು ಮತ್ತೆ ತೊಳೆಯುವುದೇನು ಬಂತು, ಬಟ್ಟೆಗೆ ಒರೆಸಿದರೆ ಆಯಿತು ಎಂದುಕೊಂಡಿದ್ದೆ. ಶೌಚಾಲಯಕ್ಕೆ ಹೋಗಿ ಬಂದರೂ ಅಷ್ಟೇ, ಎರಡು ಹನಿ ನೀರು ಸೋಕಿಸಿ ಒರೆಸಿಕೊಳ್ಳುತ್ತಿದ್ದೆ. ಒದ್ದೆ ಕೈಯಲ್ಲಿ ಪಟ್ಟಿ ಮುಟ್ಟಿದರೆ ಮೇಸ್ತ್ರಿ ಬೈಯುತ್ತಾನೆ ಬೇರೆ.

ಹಾಗಾಗಿ ಅನುಮಾನ ನೇರವಾಗಿ ಅಕ್ಕನ ಮೇಲೆ ಹೋಯಿತು. ನಾನು ಕೆಲಸಕ್ಕೆ ಹೋದಾಗ ಹನ್ನೊಂದು ತಿಂಗಳ ಮಗುವನ್ನು ನೋಡಿಕೊಳ್ಳುವವಳು ಅವಳೇ. ಅವಳ ಹಿತ್ತಲಲ್ಲಿ ನಾಲ್ಕು ಕೋಳಿಗಳಿವೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಎರಡನೆಯ ಸಲ ಭೇದಿಯಾದಾಗ, ಕೋಳಿ ಮುಟ್ಟಿದ ಕೈಯಲ್ಲಿ ನನ್ನ ಮಗುವಿಗೆ ಉಣಿಸಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಅಕ್ಕ ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಒಳಗೊಳಗೇ ಅಂದುಕೊಂಡೆ.

ಅಂದಿನಿಂದ ಅಕ್ಕನದು ಮಗುವನ್ನು ಕಾಯುವ ಕೆಲಸ ಮಾತ್ರ. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು, ಕೈ ಒರೆಸಿಕೊಂಡು, ಬಾಳೆಹಣ್ಣು ಕಿವುಚಿ ನಾನೇ ತಿನ್ನಿಸುತ್ತಿದ್ದೆ. ಸಂಜೆಯೂ ನಾನೇ. ಹನ್ನೆರಡನೆಯ ದಿನ, ಮಗುವಿಗೆ ಮತ್ತೆ ಭೇದಿ ಎಂದು ಕಾರ್ಖಾನೆಗೆ ಫೋನ್ ಬಂತು. ಹಾಗೇ ಆಸ್ಪತ್ರೆಗೆ ಓಡಿದೆ. ಮಗುವಿನ ಕಣ್ಣು ಗುಳಿಬಿದ್ದಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಹೊತ್ತು ತಂದು ಸೇರಿಸಿದ ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು.

ಲೋಟದಲ್ಲಿದ್ದ ಸಕ್ಕರೆ-ಉಪ್ಪಿನ ನೀರಿಗೆ ನಾನು ಚಮಚ ಹಾಕುವಷ್ಟರಲ್ಲಿ ನರ್ಸ್ ತಡೆದಳು. ಮೊದಲು ಕೈ ತೊಳೆಯಬೇಕಂತೆ. ನನಗೆ ರೇಗಿತು. ಸೋಪು ಮಾಡುವವಳಿಗೇ ಪಾಠವೇ ಎಂದೆ. ಅವಳು ವಾದಕ್ಕಿಳಿಯಲಿಲ್ಲ. ನನ್ನ ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿ, ಉಜ್ಜು ಎಂದಳು.

ಸೋಪು ಮುಟ್ಟದೆಯೇ ನೊರೆ ಬಂತು. ನೋಡಿದೆಯಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೊರೆ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಬಿಳಿ ಸಿಂಕಿನಲ್ಲಿ ನನ್ನ ಕೈಯಿಂದ ಚರಂಡಿ ನೀರು ಹರಿಯುತ್ತಿತ್ತು.

"ಸೋಪು ಕೈಗೆ ಅಂಟ್ಕೊಂಡಿದ್ರೆ ಸಾಲ್ದಮ್ಮ," ಎಂದಳು ನರ್ಸ್. "ಅದು ಕೊಳೇನ ಹಿಡ್ಕೊಂಡು ಕೂತಿರುತ್ತೆ. ನೀರು ಹಾಕಿ ಉಜ್ಜಿ ತೊಳೆದ್ರೇನೇ ಹೋಗೋದು."

ಹನ್ನೆರಡು ದಿನ, ದಿನಕ್ಕೆ ಎರಡು ಹೊತ್ತು. ಬೇರೆ ಯಾರೂ ಅಲ್ಲ, ಹೆತ್ತ ನಾನೇ ಆ ಪುಟ್ಟ ಬಾಯಿಗೆ ಇದನ್ನು ಇಟ್ಟಿದ್ದೆ. ಸೋಪು ಹಚ್ಚಿದೆ, ಉಜ್ಜಿದೆ, ಮತ್ತೆ ಹಚ್ಚಿದೆ. ನೀರು ತಿಳಿಯಾದ ಮೇಲೂ ನಿಲ್ಲಿಸಲಾಗಲಿಲ್ಲ. ಕೊನೆಗೆ ನರ್ಸೇ ನಲ್ಲಿ ತಿರುಗಿಸಿ ನಿಲ್ಲಿಸಿದಳು.

ಮಂಚದ ಬಳಿ ಬಂದಾಗ ಮಗು ನನ್ನತ್ತ ಮೆಲ್ಲಗೆ ಕೈ ಚಾಚಿತು. ನಾನು ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡೆ. ಅಕ್ಕನನ್ನು ಕರೆದು, ನೀನೇ ಕುಡಿಸು ಎಂದೆ. ತಪ್ಪಾಯಿತು ಎನ್ನಲು ನಾಲಗೆ ಏಳಲಿಲ್ಲ. ಅವಳು ಬಾಗಿಲಿನಿಂದಲೇ ಎಲ್ಲವನ್ನೂ ನೋಡಿದ್ದಳು.

"ತೊಳ್ಕೊಂಡಿದ್ದೀಯಲ್ಲ," ಎಂದಳು ಅಕ್ಕ. "ಮಗು ನಿನ್ನನ್ನೇ ಕೇಳ್ತಿದೆ. ನೀನೇ ಕುಡಿಸು."

ಚಮಚವನ್ನು ನನ್ನ ಕೈಗೇ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.