ಹನ್ನೊಂದು ಕಿಟಕಿಗಳ ಪರದೆ

ನಾಟಕದ ಪರದೆ ಬರೆಯುವುದು ಅವಳ ಕೆಲಸ. ನಾಲ್ಕು ವರ್ಷದಿಂದ ಮಾತ್ರೆ ನುಂಗುತ್ತಿದ್ದಳು. ಅದರಿಂದ ಕಿವಿಯೊಳಗಿನ ದನಿಗಳು ನಿಂತಿದ್ದವು. ಆದರೆ ಕೈ ನಡುಗುತ್ತಿತ್ತು. ಎಳೆದ ಗೆರೆ ಇರುವೆ ಸಾಲಿನಂತೆ ಅಂಕುಡೊಂಕಾಗುತ್ತಿತ್ತು.

ಹೊಸ ನಾಟಕಕ್ಕೆ ಹನ್ನೊಂದು ಕಿಟಕಿಗಳಿರುವ ಎತ್ತರದ ಮನೆ ಬೇಕಿತ್ತು. ಮೂರನೆಯ ಕಿಟಕಿ ಮುಗಿದಾಗ ನಿರ್ದೇಶಕರು ಬಂದು ನೋಡಿದರು. "ಯಾಕಮ್ಮಾ, ಇದರಲ್ಲಿ ಜೀವಾನೇ ಇಲ್ವಲ್ಲ?"

ಅಂದಿನಿಂದ ಮಾತ್ರೆಗಳು ಕುಂಚ ತೊಳೆಯುವ ನೀರಿಗೆ ಬಿದ್ದವು. "ತಗೊಂಡ್ಯಾ?" ಎಂದು ಅಕ್ಕ ಫೋನಿನಲ್ಲಿ ಕೇಳಿದಾಗಲೆಲ್ಲ "ಹೂಂ ಅಕ್ಕ" ಎನ್ನುತ್ತಿದ್ದಳು.

ಎರಡು ವಾರದಲ್ಲಿ ಕೈ ನೆಟ್ಟಗಾಯಿತು. ನಿದ್ದೆ, ಹಸಿವು ಎರಡೂ ಹೇಳದೆ ಕೇಳದೆ ಹೊರಟುಹೋದವು. ಏಳನೆಯ ಕಿಟಕಿ ಕಂಡು ನಿರ್ದೇಶಕರು ಮೂಗಿನ ಮೇಲೆ ಬೆರಳಿಟ್ಟರು.

ಹತ್ತನೆಯದರಲ್ಲಿ ಒಬ್ಬ ಮುದುಕಿಯನ್ನು ಬರೆದಳು. ಮರುದಿನ ಮಧ್ಯಾಹ್ನ ಬಣ್ಣ ಕಲಸುತ್ತಿದ್ದಾಗ ಆ ಮುದುಕಿ ಮೆಲ್ಲಗೆ ಮಾತಾಡಿದಳು: "ಹನ್ನೊಂದನೇದು ಖಾಲಿ ಇದೆ. ನಿನ್ನ ಅಕ್ಕನ ಮಗಳನ್ನ ಕೂರಿಸು."

ದನಿ ಸುಳ್ಳೆಂದು ಅವಳಿಗೆ ಗೊತ್ತಿತ್ತು. ಆದರೆ ಆ ಮಗು ಶಾಲೆ ಬಿಟ್ಟೊಡನೆ ಇಲ್ಲಿಗೇ ಬರುವುದಿತ್ತು. ಅದನ್ನು ಹನ್ನೊಂದನೆಯ ಕಿಟಕಿಗೆ ಒರಗಿಸಿದ್ದ ಏಣಿಯ ತುದಿಗೆ ಹತ್ತಿಸುವುದು ಹೇಗೆಂದು ಅವಳ ತಲೆ ಆಗಲೇ ಯೋಚಿಸುತ್ತಿತ್ತು.

ಒಳಗಿನಿಂದ ಬಾಗಿಲಿನ ಬೀಗ ತಿರುಗಿಸಿ ಕೀಲಿಯನ್ನು ಗವಾಕ್ಷಿಯಿಂದ ಹೊರಗೆಸೆದಳು. ಅಕ್ಕನಿಗೆ ಫೋನ್ ಮಾಡಿದಳು.

"ಮಾತ್ರೆ ಬಿಟ್ಟಿದೀನಿ. ಪುಟ್ಟೀನ ಕಳಿಸ್ಬೇಡ. ನೀನೂ ಒಬ್ಬಳೇ ಬರ್ಬೇಡ. ಕೀಲಿ ಅಂಗಳಕ್ಕೆ ಎಸೆದಿದೀನಿ."

"ಅಯ್ಯೋ, ಏನಾಯ್ತೇ?"

"ನನ್ನ ಕಂಡ್ರೆ ನನಗೇ ಭಯ ಆಗ್ತಿದೆ ಅಕ್ಕ."

ಅಕ್ಕ, ಬಾವ ಬಂದು ಅಂಗಳದಲ್ಲಿ ಕೀಲಿ ಹುಡುಕಿ ಬಾಗಿಲು ತೆರೆದಾಗ, ಅವಳು ಕಿವಿ ಮುಚ್ಚಿಕೊಂಡು ಗೋಡೆಗೆ ಮುಖಮಾಡಿ ಕೂತಿದ್ದಳು.

"ಕೈ ನಡುಗುತ್ತೆ ಅಂತ ಹೇಳಬಾರದಿತ್ತಾ? ಬೇರೆ ಮಾತ್ರೆ ಇತ್ತಲ್ಲಮ್ಮ," ಎಂದರು ಆಸ್ಪತ್ರೆಯ ವೈದ್ಯೆ. ಹಾಗೆ ಹೇಳಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ತಿಂಗಳಾದ ಮೇಲೆ ಅಕ್ಕನ ಕೈ ಹಿಡಿದು ಪರದೆಯ ಮುಂದೆ ನಿಂತಳು. ನಾಲ್ಕರಿಂದ ಏಳರವರೆಗಿನ ಕಿಟಕಿಗಳು ನಿಜಕ್ಕೂ ಉಸಿರಾಡುವಂತಿದ್ದವು. ಹತ್ತನೆಯದರಲ್ಲಿ ಕಪ್ಪಿನ ಮೇಲೆ ಕಪ್ಪು ಬಳಿದಿತ್ತು, ಅಷ್ಟೆ. ಮುದುಕಿ ಇರಲೇ ಇಲ್ಲ.

ಹೊಸ ಮಾತ್ರೆಗೆ ಕೈ ಅಷ್ಟಾಗಿ ನಡುಗುವುದಿಲ್ಲ. ಅವಳು ಈಗಲೂ ಪರದೆ ಬರೆಯುತ್ತಾಳೆ. ಗೆರೆ ಕೆಟ್ಟರೆ ಬೇಸರ, ಅಷ್ಟೆ. ತುಂಬ ಚೆನ್ನಾಗಿ ಬಂದ ದಿನ ಮಾತ್ರ ಎದೆ ಧಸಕ್ಕೆನ್ನುತ್ತದೆ. ಕುಂಚ ಕೆಳಗಿಟ್ಟು ಅಕ್ಕನನ್ನು ಕರೆಯುತ್ತಾಳೆ:

"ಒಂದ್ಸಲ ಬಂದು ನೋಡಕ್ಕಾ. ನಿನಗೂ ಕಾಣ್ಸುತ್ತಾ?"