ಕೆರೆ ದಾಟಿದ ಮೊದಲ ಲೋಡು

ತೇಜಸ್ವಿನಿ ಐವತ್ತು ಸುಲಿಯದ ತೆಂಗಿನಕಾಯಿಗಳನ್ನು ಬಲೆಗೆ ತುಂಬಿದಳು. ಈಚೆ ದಡದಲ್ಲಿ ಬಿದ್ದ ಕಡ್ಡಿಯೂ ಗಾಳಿಗೆ ತೇಲಿ, ಭರಮಸಾಗರದ ಕೆರೆ ದಾಟಿ, ಚಿಕ್ಕಪ್ಪನ ಅಂಗಡಿ ಮುಂದಿನ ಮೆಟ್ಟಿಲಿಗೇ ಸೇರುವುದನ್ನು ಅವಳು ತಿಂಗಳಿಂದ ನೋಡಿಟ್ಟಿದ್ದಳು.

"ಟೆಂಪೋ ಬ್ಯಾಡಂತೆ, ನೀರೇ ಹೊರ್ತೈತಂತೆ!" ಅಪ್ಪ ನಕ್ಕ. "ಆಗ್ಲವ್ವ, ಐವತ್ತೂ ಮುಟ್ಟಿದ್ರೆ ಇನ್ಮೇಲೆ ಕಾಯಿ ಸಾಗ್ಸೋ ಯಜಮಾನಿಕೆ ನಿಂದೇ. ಒಂದು ಕಮ್ಮಿ ಆದ್ರೂ ಒಲೆ ಮುಂದೆ ಕುಂತ್ಕ."

ಹೊಸ ಲಾರಿಗೆ ಮಾಡುವಂತೆ ಬಲೆಗೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಕಟ್ಟಿ, ತೇಲಿಬಿಟ್ಟಳು.

ಬಸ್ಸಿನಲ್ಲಿ ಸುತ್ತಿ ಬಳಸಿ ಆಚೆ ದಡಕ್ಕೆ ಹೋದಾಗ ಬಲೆ ಸರಿಯಾಗಿ ಮೆಟ್ಟಿಲ ಮೇಲೇ ಇತ್ತು, ಖಾಲಿಯಾಗಿ. ಊರೆಲ್ಲ ಸೇರಿ ಕಾಯಿ ಒಡೆದು ಬೆಲ್ಲದ ಜೊತೆ ಮೆಲ್ಲುತ್ತಿತ್ತು.

"ಬಾರವ್ವ, ಗಂಗಮ್ಮತಾಯಿ ಪ್ರಸಾದ ಕಳಿಸವ್ಳೆ," ಎಂದು ಚಿಕ್ಕಪ್ಪ ಅವಳ ಕೈಗೂ ಒಂದು ಚೂರು ಇಟ್ಟು, ತಾನೊಂದನ್ನು ಬಾಯಿಗೆ ತುರುಕಿಕೊಂಡ.

"ಚಿಕ್ಕಪ್ಪ, ಐವತ್ತೂ ಮುಟ್ಟಿದ್ವು ಅಂತ ಅಪ್ಪಂಗೆ ಒಂದು ಫೋನ್ ಮಾಡ್ರಿ."

ಎಲ್ಲರ ಬಾಯಿಯೂ ತುಂಬಿತ್ತು.